ಮಕ್ಕಳ ವಯಸ್ಸು ನೋಡೋಕೆ ನಮ್ಮೆಲ್ಲರ ಐಡಿ ಬೇಕಾ? ಹಳೇ ಸೈಬರ್ ಸೆಂಟರ್‌ನವನ ಒಂದು ಕತೆ

ಸೈಬರ್ ಮಾಮ, ತೀರ್ಥಹಳ್ಳಿ

ಎಲ್ರಿಗೂ ನಮಸ್ಕಾರ. ಉದ್ದ ಆಗುತ್ತೆ, ಪುರುಸೊತ್ತಿದ್ದೋರು ಓದಿ. ಅಡಿಕೆ ಕೊನೆ ಕೊಯ್ಲು ಟೈಮು, ಅಂಗಡಿಗೆ ಜನ ಇಲ್ಲ, ಅದ್ಕೆ ಕೂತು ಟೈಪ್ ಮಾಡ್ತಾ ಇದೀನಿ.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದ ಒಳಗಿನ ಮಕ್ಕಳಿಗೆ ಇನ್‌ಸ್ಟಾ, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಅಕೌಂಟು ಬಂದ್ ಆದಾಗಿಂದ ಇಲ್ಲಿ ಎಲ್ರದ್ದೂ ಒಂದೇ ಮಾತು, ನಮ್ಮಲ್ಲೂ ಮಾಡ್ಬೇಕು ಅಂತ. ಮಕ್ಕಳಿಗೆ ಬೇಡ ಅನ್ನೋದಕ್ಕೆ ನಂದು ತಕರಾರಿಲ್ಲ ಮಾರಾಯ್ರೆ, ನನ್ನ ಮಗನೇ ಊಟಕ್ಕೆ ಕೂತ್ರೂ ಎಡಗೈಲಿ ರೀಲ್ಸ್ ತಳ್ತಾ ಇರ್ತಾನೆ. ಆದ್ರೆ ಇವನು 16 ಆಗದವನು ಅಂತ ಗೊತ್ತಾಗ್ಬೇಕಾದ್ರೆ 60 ದಾಟಿದ ನಮ್ಮತ್ತೆನೂ ತಾನು 16 ದಾಟಿದೋಳು ಅಂತ ತೋರಿಸ್ಬೇಕಲ್ವಾ? ಒಬ್ಬನನ್ನ ಹೊರಗಿಡೋಕೆ ಎಲ್ರೂ ಸಾಲಾಗಿ ನಿಂತು ಗುರುತಿನ ಚೀಟಿ ತೆಗೀಬೇಕು. ಇದನ್ನ ಯಾರೂ ಮಾತಾಡ್ತಾ ಇಲ್ಲ.

ನಾನು ಈ ಕೆಲಸ ಕೈಯಾರೆ ಮಾಡಿದವನು. ಆವಾಗ ನಂದು ಆರು ಕಂಪ್ಯೂಟರಿನ ಸೈಬರ್ ಸೆಂಟರು. 2011ರಲ್ಲಿ ಸೈಬರ್ ಕೆಫೆಗಳಿಗೆ ಅಂತ ಕೇಂದ್ರದ ನಿಯಮ ಬಂತು. ಬಂದೋರ ಐಡಿ ನೋಡ್ಬೇಕು, ಅದರ ಕಾಪಿ ಇಟ್ಕೋಬೇಕು, ಹೆಸರು ವಿಳಾಸ ಬರೀಬೇಕು, ಯಾವ ಕಂಪ್ಯೂಟರು ಎಷ್ಟೊತ್ತಿಂದ ಎಷ್ಟೊತ್ತಿಗೆ ಅಂತ ಬರೀಬೇಕು, ಯಾವ್ಯಾವ ಸೈಟ್ ನೋಡಿದ್ರು ಅನ್ನೋದೂ ಸೇರಿ ಒಂದು ವರ್ಷ ಇಡ್ಬೇಕು. ಐಡಿ ಇಲ್ಲದ ಮಕ್ಕಳು ಬಂದ್ರೆ ಜೊತೆಗೆ ದೊಡ್ಡೋರು ಇರ್ಬೇಕು. ಕ್ಯಾಬಿನ್ ಗೋಡೆ ನಾಲ್ಕೂವರೆ ಅಡಿ ಮೇಲೆ ಹೋಗೋ ಹಾಗಿಲ್ಲ. ನಾನು ಆಚಾರ್ರನ್ನ ಕರೆಸಿ ಪ್ಲೈವುಡ್ ಕೊಯ್ಸಿದೀನಿ.

ರಿಜಿಸ್ಟರ್ ಅಂದ್ರೆ ಎಂತದು? 200 ಪೇಜಿನ ಲಾಂಗ್ ಬುಕ್ಕು. ಕೌಂಟರ್ ಮೇಲೆ, ದಾರ ಕಟ್ಟಿದ ಪೆನ್ನಿನ ಜೊತೆ. ಡಿಗ್ರಿ ಓದೋ ಹುಡುಗೀರು ಸ್ಕಾಲರ್‌ಶಿಪ್ ಅರ್ಜಿ ತುಂಬೋಕೆ ಬರೋರು, ಹೆಸರು, ಊರು, ಮೊಬೈಲ್ ನಂಬರು ಬರೆದು ಒಳಗೆ ಹೋಗೋರು. ಒಂದಿನ ಒಬ್ಬಳು ಅಪ್ಪನ್ನ ಕರ್ಕೊಂಡು ಬಂದ್ಳು. ಯಾರೋ ದಿನಾ ರಾತ್ರಿ ಫೋನ್ ಮಾಡ್ತಾನೆ, ನಂಬರ್ ಎಲ್ಲಿ ಸಿಕ್ತು ಅಂದ್ರೆ "ಸೈಬರ್ ಬುಕ್ಕಲ್ಲಿ" ಅಂದನಂತೆ. ಬುಕ್ ತೆಗೆದು ನೋಡಿದ್ವಿ. ಅವಳ ಹೆಸರಿಂದ ಎರಡು ಸಾಲು ಕೆಳಗೆ ಅವನ ಸಹಿ, ನನ್ನ ದಿನದ ಗಿರಾಕಿ. ಸಹಿ ಹಾಕೋವಾಗ ಮೇಲಿನ ಸಾಲು ಓದ್ಕೊಂಡಿದಾನೆ, ಅಷ್ಟೇ. ಹ್ಯಾಕಿಂಗು ಗೀಕಿಂಗು ಎಂತದೂ ಬೇಕಾಗ್ಲಿಲ್ಲ.

ಅವರಪ್ಪ ನಂಗೆ ಬೈಲಿಲ್ಲ. ಬುಕ್ಕಿನ ಪೇಜು ಹಿಂದೆ ಮುಂದೆ ತಿರುಗಿಸಿ "ಇದು ಯಾರಿಗೆ ಬೇಕು ಇವ್ರೇ?" ಅಂತ ಕೇಳಿದ್ರು. ಬೈದಿದ್ರೇ ಚೆನ್ನಾಗಿತ್ತು.

ಇನ್ನು ಆ ನಿಯಮದಿಂದ ಹುಡುಗರು ಬರೋದು ನಿಲ್ಸಿದ್ರಾ ಅಂದ್ರೆ, ಒಬ್ಬನ ಅಣ್ಣನ ವೋಟರ್ ಐಡಿ ಜೆರಾಕ್ಸ್ ಒಂದೇ ಇಡೀ ಹೈಸ್ಕೂಲಿಗೆ ಓಡಾಡ್ತು. ಕಡೆಕಡೆಗೆ ಆ ಅಣ್ಣನ ಮುಖ ನಂಗೆ ನಮ್ಮನೆಯೋರ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಈಗ ಅದೇ ಲಾಂಗ್ ಬುಕ್ಕು, ಕೌಂಟರ್ ಮಾತ್ರ ಎಲ್ಲೋ ಅಮೆರಿಕದಲ್ಲಿ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪಿನವರು, ತಮ್ಮ ಕಸ್ಟಮರ್ ಸಪೋರ್ಟ್ ನೋಡ್ಕೊಳ್ತಿದ್ದ ಹೊರಗಿನ ಕಂಪನಿ ಕಡೆಯಿಂದ ಸುಮಾರು 70,000 ಜನರ ಸರ್ಕಾರಿ ಐಡಿ ಫೋಟೋ ಹೋಗಿರಬಹುದು ಅಂತ ಒಪ್ಕೊಂಡ್ರು. ಆ ಜನ ಐಡಿ ಕೊಟ್ಟಿದ್ದು ಯಾಕೆ ಗೊತ್ತಾ? ವಯಸ್ಸಿನ ವಿಷಯಕ್ಕೆ ಅಪೀಲು ಹಾಕೋಕೆ.

ಹೇಳಿ ಏನನ್ಸುತ್ತೆ.

ಗಾಜನೂರು ಗೌಡ

ಎಂತ ಹೆದ್ರಿಸ್ತೀರಿ ಮಾಮ. ತಪ್ಪು ಮಾಡ್ದೋರಿಗೆ ಭಯ. ನಂದು ಮುಚ್ಚಿಡೋಕೆ ಏನೂ ಇಲ್ಲ, ಆಧಾರ್ ಕೇಳಿದ್ರೆ ಕೊಡ್ತೀನಿ. ಸಿಮ್ಮಿಗೆ ಕೊಟ್ಟಿಲ್ವಾ, ಬ್ಯಾಂಕಿಗೆ ಕೊಟ್ಟಿಲ್ವಾ, ಲಾಡ್ಜಿಗೂ ಕೊಡ್ತೀವಿ.

ಚೊಗರು ಕೈ

ಗೌಡ್ರೆ, ನಿಮ್ಮ ತೋಟದಲ್ಲಿ ಈ ವರ್ಷ ಎಷ್ಟು ಕ್ವಿಂಟಾಲ್ ಆಯ್ತು ಅಂತ ಮೂರು ಸಲ ಕೇಳಿದೀನಿ, ಮೂರು ಸಲನೂ "ಏನೋ ಇದೆ ಮಾರಾಯ" ಅಂದ್ರಿ. ಮುಚ್ಚಿಡೋಕೆ ಏನೂ ಇಲ್ವಂತೆ 😄

ಗಾಜನೂರು ಗೌಡ

ಅದು ಬೇರೆ ಇದು ಬೇರೆ.

ಟೀಚರಮ್ಮ

ಸೈಬರ್ ಮಾಮ ಅವ್ರೇ, ನಿಮ್ಮ ಬುಕ್ಕಿನ ಕತೆ ಓದಿ ಬೇಜಾರಾಯ್ತು, ನಿಜ. ಆದ್ರೆ ನಾನು ಹೈಸ್ಕೂಲಲ್ಲಿ ಪಾಠ ಮಾಡೋಳು, ನಂದೂ ಒಂದು ಕೇಳಿ.

ಒಂಬತ್ತನೇ ಕ್ಲಾಸಿನ ಒಂದು ಮಗು ಹತ್ತು ದಿನ ಬರ್ಲಿಲ್ಲ. ಜ್ವರ ಅಂತ ಚೀಟಿ ಬಂತು. ಹನ್ನೊಂದನೇ ದಿನ ನಾನೇ ಮನೆಗೆ ಹೋದೆ. ಗ್ರೂಪ್ ಫೋಟೋದಿಂದ ಆ ಮಗುವಿನ ಮುಖ ಕತ್ತರಿಸಿ ಯಾವುದೋ ಮೈಗೆ ಅಂಟಿಸಿ ಇನ್‌ಸ್ಟಾದಲ್ಲಿ ಹಾಕಿದ್ರು. ಮಾಡಿದ್ದು ಯಾರು? ಅದೇ ಬೆಂಚಿನ ಹಿಂದಿನ ಬೆಂಚು. ಇವಳಿಗೆ 14, ಅವರಿಗೂ 14. ಇಬ್ಬರಿಗೂ ಅಕೌಂಟ್ ಹೆಂಗೆ ಬಂತು? ಹುಟ್ಟಿದ ವರ್ಷ 1998 ಅಂತ ಹಾಕಿದಾರೆ. ರಿಪೋರ್ಟ್ ಮಾಡೋಕೆ ಕೂತ್ರೆ ಅದೆಷ್ಟು ಪ್ರಶ್ನೆ, ಅವಳಮ್ಮ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದಾರೆ, ನಾನು ಒಂದೊಂದೇ ಓದಿ ಅರ್ಥ ಹೇಳ್ತಾ ಇದೀನಿ. ಆಮೇಲೆ 1930 ಸಹಾಯವಾಣಿಗೆ ಫೋನ್ ಮಾಡಿದ್ರೆ ಅದು ದುಡ್ಡು ಹೋದ ಕೇಸಿಗೆ, ಇಂಥದ್ದಕ್ಕೆ ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ಹಾಕ್ಬೇಕು ಅಂತ ಗೊತ್ತಾಯ್ತು. ಅಷ್ಟೊತ್ತಿಗೆ ಮೂರು ಊರಿನ ಫೋನಿಗೆ ಹೋಗಿತ್ತು.

ಪ್ರೈವಸಿ ಪ್ರೈವಸಿ ಅಂತೀರಲ್ಲ, ಆ ಮಗುವಿನ ಪ್ರೈವಸಿ ಯಾರು ಕೇಳಿದ್ರು? ದೊಡ್ಡೋರು ಒಂದ್ಸಲ ಐಡಿ ತೋರಿಸಿದ್ರೆ ಎಂತ ಕಳ್ಕೊಳ್ತೀರಿ? ಸುಮ್ನೆ ವಾದಕ್ಕೆ ಕೇಳ್ತಾ ಇಲ್ಲ, ನಿಜವಾಗ್ಲೂ ಕೇಳ್ತಾ ಇದೀನಿ.

ಸೈಬರ್ ಮಾಮ, ತೀರ್ಥಹಳ್ಳಿ

ಟೀಚರೇ ನಿಮಗೆ ಉತ್ತರ ಕೊಡೋ ಯೋಗ್ಯತೆ ನಂಗಿಲ್ಲ. ಆದ್ರೆ ಒಂದು ಮಾತು, ಆ ಹುಡುಗರಿಗೆ 16 ಆಗಿದ್ದಿದ್ರೆ ಆ ಫೋಟೋ ಪರವಾಗಿಲ್ಲ ಅಂತಾನಾ? ಅಂಥದ್ದನ್ನ ಅರ್ಧ ಗಂಟೆಲಿ ಕನ್ನಡದಲ್ಲಿ ರಿಪೋರ್ಟ್ ಮಾಡಿ ತೆಗೆಸೋ ಕಾನೂನು ಕೇಳೋಣ, ನಾನು ನಿಮ್ಮ ಹಿಂದೆ ಬೋರ್ಡು ಹಿಡ್ಕೊಂಡು ಬರ್ತೀನಿ.

ಕೋರ್ಟ್ ರೋಡ್ ವಕೀಲ

ಚರ್ಚೆ ಚೆನ್ನಾಗಿದೆ, ಕಾನೂನು ಎಲ್ಲಿದೆ ಅಂತ ನಾನು ಸ್ವಲ್ಪ ಹೇಳ್ತೀನಿ, ಯಾಕಂದ್ರೆ ನಮ್ಮಲ್ಲಿ ಇನ್ನೂ ಏನೂ ಬಂದಿಲ್ಲ ಅಂತ ಎಲ್ರೂ ಅಂದ್ಕೊಂಡಿದಾರೆ. ಬಂದಾಗಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಡಿಪಿಡಿಪಿ ಅಂತ ಕರೀತಾರೆ, ಅದರ 9ನೇ ಸೆಕ್ಷನ್ನು. 18 ವರ್ಷ ಆಗದವರೆಲ್ಲ ಮಕ್ಕಳು. ಅವರ ಮಾಹಿತಿ ಮುಟ್ಟಬೇಕಾದ್ರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅದೂ ಪರಿಶೀಲಿಸಬಹುದಾದ ಒಪ್ಪಿಗೆ. ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸೋ ಹಾಗಿಲ್ಲ, ಇದು ಒಳ್ಳೇದೇ. ತಪ್ಪಿದ್ರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟ ಆದವು, ಈ ಭಾಗ ಜಾರಿಗೆ ಬರೋದು ಹದಿನೆಂಟು ತಿಂಗಳಾದ ಮೇಲೆ, ಅಂದ್ರೆ 2027ರ ಮೇ ಹೊತ್ತಿಗೆ. ಎಲ್ಲರ ಐಡಿ ತಗೊಳ್ಳಿ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಆದ್ರೆ 200 ಕೋಟಿ ತಲೆ ಮೇಲೆ ತೂಗ್ತಾ ಇರೋವಾಗ ಕಂಪನಿ ವಕೀಲ ಏನ್ ಸಲಹೆ ಕೊಡ್ತಾನೆ? ನಾನಾಗಿದ್ರೂ ಅದೇ ಕೊಡ್ತಿದ್ದೆ, ಎಲ್ರದ್ದೂ ತಗೊಂಡ್ಬಿಡಿ ಅಂತ.

ಇನ್ನು ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ಕ್ಕೆ. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, 80 ದಾಟಿದ ಮೇಲೆ ಆಧಾರ್ ಪ್ರಶ್ನೆ ಮಾಡಿ ಅರ್ಜಿ ಹಾಕಿದವರು. ಖಾಸಗಿತನಕ್ಕೆ ಕೈ ಹಾಕಬೇಕಾದ್ರೆ ಅದಕ್ಕೊಂದು ಕಾನೂನು ಇರ್ಬೇಕು, ಉದ್ದೇಶ ನ್ಯಾಯವಾಗಿರ್ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರ್ಬೇಕು. ಟೀಚರ್ ಹೇಳಿದ್ದು ಎರಡನೇದಕ್ಕೆ ಸರಿಯಾದ ಉತ್ತರ. ಮಾಮ ಕೇಳ್ತಿರೋದು ಮೂರನೇದು. 2018ರಲ್ಲಿ ಅದೇ ಕೋರ್ಟು ಖಾಸಗಿ ಕಂಪನಿಗಳು ಆಧಾರ್ ಕೇಳೋಕೆ ದಾರಿ ಮಾಡಿದ್ದ ಆಧಾರ್ ಕಾಯ್ದೆಯ 57ನೇ ಸೆಕ್ಷನ್ನಿಗೆ ಕತ್ತರಿ ಹಾಕ್ತು, 2025ರ ಜನವರಿಯಲ್ಲಿ ತಿದ್ದುಪಡಿ ನಿಯಮ ತಂದು ಅನುಮತಿ ಪಡೆದ ಖಾಸಗಿಯವರಿಗೂ ಮತ್ತೆ ಬಾಗಿಲು ತೆಗೆದ್ರು. ಹಿತ್ಲ ಬಾಗಿಲು ಅನ್ನಿ.

ಅಂದಹಾಗೆ ನಮ್ಮ ಹೈಕೋರ್ಟು 2023ರ ಸೆಪ್ಟೆಂಬರ್‌ನಲ್ಲೇ, ಎಕ್ಸ್ (ಹಳೇ ಟ್ವಿಟರ್) ಕಂಪನಿ ಮೇಲ್ಮನವಿ ವಿಚಾರಣೆ ವೇಳೆ, ಮದ್ಯಕ್ಕಿರೋ ಹಾಗೆ ಸೋಶಿಯಲ್ ಮೀಡಿಯಾಕ್ಕೂ ವಯಸ್ಸು ಗೊತ್ತು ಮಾಡೋದು ಒಳ್ಳೇದು ಅಂತ ಬಾಯ್ಮಾತಲ್ಲಿ ಹೇಳಿತ್ತು. ಆದೇಶ ಅಲ್ಲ, ಮಾತು. ಮದ್ಯದಂಗಡಿಯವನು ಮುಖ ನೋಡಿ ಬಾಟ್ಲು ಕೊಡ್ತಾನೆ, ನಾವು ಯಾವ ಬ್ರಾಂಡು ಕುಡಿದ್ವಿ ಅಂತ ಐದು ವರ್ಷ ಬರೆದಿಟ್ಕೊಳ್ಳಲ್ಲ, ಅಷ್ಟೇ ವ್ಯತ್ಯಾಸ.

ಆಗುಂಬೆ ಮಳೆ

ವಕೀಲ್ರೇ ಕೊನೆ ಸಾಲಿಗೆ ನಮಸ್ಕಾರ 🙏 ನಮ್ಮೂರಿನ ಅಂಗಡಿಯವ ಬರೆದಿಟ್ಕೊಳ್ತಾನೆ, ಸಾಲದ ಬುಕ್ಕಲ್ಲಿ.

ಸೆಕೆಂಡ್ ಪಿಯುಸಿ

ನಾನು ಇಲ್ಲಿ ಬರೀಬಹುದಾ ಗೊತ್ತಿಲ್ಲ, ನಂಗೆ 17. ಎಲ್ರೂ ಮಕ್ಕಳ ಬಗ್ಗೆ ಮಾತಾಡ್ತಾ ಇದೀರಿ ಮಕ್ಕಳನ್ನ ಯಾರೂ ಕೇಳ್ತಾ ಇಲ್ಲ ಅದ್ಕೆ.

ನಂದು ಹೊಸನಗರ ತಾಲ್ಲೂಕಿನ ನಗರದ ಹತ್ರ ಒಂದು ಹಳ್ಳಿ, ಶಿವಮೊಗ್ಗದಲ್ಲಿ ಹಾಸ್ಟೆಲ್ಲು. ಸಿಮ್ಮು ಅಪ್ಪನ ಹೆಸರಲ್ಲಿದೆ. ಅಮ್ಮನ ಹೆಸರಲ್ಲಿ ಸಿಮ್ಮೇ ಇಲ್ಲ, ಮನೇಲಿ ಇರೋದು ಒಂದೇ ಫೋನು, ಅದು ಅಪ್ಪನ ಜೇಬಲ್ಲಿ. ಒಪ್ಪಿಗೆ ಅಂದ್ರೆ ಅಪ್ಪನ ಫೋನಿಗೆ ಓಟಿಪಿ ಹೋಗುತ್ತೆ ತಾನೇ? ನಮ್ಮನೇಲಿ ನೆಟ್‌ವರ್ಕ್ ಸಿಗೋದು ಮನೆ ಹಿಂದಿನ ಗುಡ್ಡದ ನೇರಳೆ ಮರದ ಹತ್ರ ಮಾತ್ರ. ಸ್ಕಾಲರ್‌ಶಿಪ್ ಓಟಿಪಿಗೆ ಒಂದ್ಸಲ ಏನಾಯ್ತು ಅಂದ್ರೆ, ನಾನು ಇಲ್ಲಿಂದ ಪಕ್ಕದ ಮನೆ ಲ್ಯಾಂಡ್‌ಲೈನಿಗೆ ಫೋನ್ ಮಾಡಿ, ಅವ್ರು ತೋಟಕ್ಕೆ ಹೋಗಿ ಅಪ್ಪನ್ನ ಕೂಗಿ, ಅಪ್ಪ ಗುಡ್ಡ ಹತ್ತಿ, ಓಟಿಪಿ ಬಂದು, ಕೆಳಗೆ ಇಳಿದು ಲ್ಯಾಂಡ್‌ಲೈನಲ್ಲಿ ನಂಬರ್ ಹೇಳೋ ಹೊತ್ತಿಗೆ ಟೈಮ್ ಮುಗಿದಿತ್ತು. ನಾಲ್ಕು ಸಲ ಹತ್ತಿ ಇಳಿದ್ರು. ಐದನೇ ಸಲ ನೇರಳೆ ಮರದ ಹತ್ರನೇ ಕೂತು, ತಮ್ಮನ್ನ ಓಡಿಸಿದ್ರು ನಂಬರ್ ಹೇಳೋಕೆ.

ಅದಾದ್ರೂ ಸರಿ. ಇನ್ನೊಂದಿದೆ. ನಂಗೆ ಕಳೆದ ವರ್ಷ ಮುಟ್ಟು ಮೂರು ತಿಂಗಳು ಬರ್ಲಿಲ್ಲ. ಯಾರನ್ನ ಕೇಳೋದು? ಒಂದು ಕಡೆ ಹುಡುಗೀರು ಹೆಸರಿಲ್ಲದೆ ಕೇಳ್ತಾರೆ, ಡಾಕ್ಟರ್ ಒಬ್ರು ಉತ್ತರ ಕೊಡ್ತಾರೆ. ಅಲ್ಲಿ ಓದಿ ಪಿಸಿಓಡಿ, ಅಂದ್ರೆ ಅಂಡಾಶಯದ ಒಂದು ತೊಂದ್ರೆ, ಇರಬಹುದು ಅಂತ ಗೊತ್ತಾಗಿ ಆಸ್ಪತ್ರೆಗೆ ಹೋದೆ. ಅದಕ್ಕೆ ಸೇರೋಕೆ ಅಪ್ಪನ ಒಪ್ಪಿಗೆ ಬೇಕು ಅಂದಿದ್ರೆ ನಾನು ಸೇರ್ತಾನೇ ಇರ್ಲಿಲ್ಲ. ನಮ್ಮಪ್ಪ ಕೆಟ್ಟೋರಲ್ಲ. ಆದ್ರೆ ಅಪ್ಪನ ಹತ್ರ ಅದು ಹೇಳೋಕಾಗಲ್ಲ, ಅಷ್ಟೇ.

ಟೀಚರ್ ನಿಮ್ಮ ಸ್ಟೂಡೆಂಟ್ ಕತೆ ಓದಿ ಅಳು ಬಂತು. ಅವಳು ಈಗ ಹೆಂಗಿದಾಳೆ?

ಟೀಚರಮ್ಮ

ಚೆನ್ನಾಗಿದಾಳೆ ಪುಟ್ಟಾ, ಎಸ್ಸೆಸ್ಸೆಲ್ಸಿ ಪಾಸಾದ್ಲು. ನೀನು ಬರೆದಿದ್ದನ್ನ ಎರಡು ಸಲ ಓದಿದೆ. ನಾನು ಇದನ್ನ ಯೋಚನೆ ಮಾಡಿರ್ಲಿಲ್ಲ.

ಕುಂದಾದ್ರಿ ಕೋಡರ್

ಬೆಂಗಳೂರಲ್ಲಿ ಇಂಥದ್ದೇ ಸಾಫ್ಟ್‌ವೇರ್ ಕೆಲಸ, ಹಂಗಾಗಿ ತಾಂತ್ರಿಕ ಭಾಗ ನಾನು ಹೇಳ್ತೀನಿ.

ವಯಸ್ಸು ನೋಡೋಕೆ ಈಗ ನಡೀತಿರೋ ದಾರಿ ಮೂರ್ನಾಲ್ಕು. ಐಡಿ ಫೋಟೋ ಕಳಿಸೋದು, ಅದರ ಗತಿ ಮಾಮ ಹೇಳಿದಾರೆ. ಇನ್ನೊಂದು ಮುಖ ಕ್ಯಾಮೆರಾಕ್ಕೆ ಹಿಡಿಯೋದು, ಕಂಪ್ಯೂಟರು ಇಷ್ಟು ವರ್ಷ ಇರಬಹುದು ಅಂತ ಅಂದಾಜು ಮಾಡುತ್ತೆ. ಅಂದಾಜಲ್ಲಿ ಎರಡು ಮೂರು ವರ್ಷ ಆಚೆ ಈಚೆ ಆಗೋದು ಮಾಮೂಲು, ಕಾನೂನಿಗೆ ಬೇಕಿರೋದು 15ಕ್ಕೂ 16ಕ್ಕೂ ಇರೋ ವ್ಯತ್ಯಾಸ. ಬ್ರಿಟನ್‌ನಲ್ಲಿ ಕೆಲವರು ವಿಡಿಯೋ ಗೇಮಿನ ಪಾತ್ರದ ಮುಖ ತೋರಿಸಿ ದಾಟಿಬಿಟ್ರು. ನಮ್ಮಲ್ಲಿ ಜುಲೈ ತಿಂಗಳು ಕರೆಂಟ್ ಇಲ್ಲದ ಮನೇಲಿ ಮಧ್ಯಾಹ್ನ ಮೂರಕ್ಕೇ ಕತ್ತಲು, ಆ ಬೆಳಕಲ್ಲಿ ನಮ್ಮಜ್ಜಿಗೆ ಎಷ್ಟು ವಯಸ್ಸು ಕಟ್ಟುತ್ತೋ.

ಒಳ್ಳೇ ದಾರಿ ಒಂದಿದೆ, ಟೋಕನ್. ಟೆಂಟ್ ಮೇಳದ ಆಟಕ್ಕೆ ಹೋಗ್ತೀವಲ್ಲ, ಟಿಕೆಟ್ ಕೌಂಟರಿನವನು ನಮ್ಮ ಮುಖ ನೋಡಿ ಟಿಕೆಟ್ ಕೊಡ್ತಾನೆ, ಬಾಗಿಲಲ್ಲಿ ಇರೋವ್ನು ಟಿಕೆಟ್ ಮಾತ್ರ ನೋಡ್ತಾನೆ, ಹೆಸರು ಕೇಳಲ್ಲ. ಹಂಗೇ ಡಿಜಿಲಾಕರ್ ಥರದ ಕಡೆಯಿಂದ "ಇವರು 18 ದಾಟಿದಾರೆ" ಅನ್ನೋ ಒಂದೇ ಸಾಲಿನ ಚೀಟಿ ತಗೊಂಡು ಆ್ಯಪಿಗೆ ತೋರಿಸೋದು. ನಮ್ಮ ನಿಯಮದಲ್ಲೂ ಟೋಕನ್ ಅನ್ನೋ ಮಾತಿದೆ. ಆದ್ರೆ ಟಿಕೆಟ್ ಮೇಲೆ ನಂಬರ್ ಇರುತ್ತಲ್ಲ, ಕೌಂಟರಿನವನು ಯಾರಿಗೆ ಯಾವ ನಂಬರ್ ಕೊಟ್ಟೆ ಅಂತ ಬರೆದಿಟ್ಕೊಂಡು, ಬಾಗಿಲಿನವನು ಯಾವ ನಂಬರ್ ಬಂತು ಅಂತ ಬರೆದಿಟ್ಕೊಂಡು, ಆಟ ಮುಗಿದ ಮೇಲೆ ಇಬ್ರೂ ಚಾ ಕುಡಿತಾ ತಾಳೆ ನೋಡಿದ್ರೆ ಮುಗೀತು, ಯಾರು ಯಾವ ಆಟ ನೋಡಿದ್ರು ಎಲ್ಲ ಗೊತ್ತಾಯ್ತು. ತಾಳೆ ಆಗದ ಹಾಗೆ ಮಾಡೋ ಗಣಿತ ಇದೆ, ಝೀರೋ ನಾಲೆಜ್ ಪ್ರೂಫ್ ಅಂತಾರೆ. ಯುರೋಪಿನವರು 2025ರ ಜುಲೈನಲ್ಲಿ ವಯಸ್ಸಿನ ಆ್ಯಪಿಗೆ ಒಂದು ನಕ್ಷೆ ಹೊರಗಿಟ್ಟು ಡೆನ್ಮಾರ್ಕ್, ಫ್ರಾನ್ಸ್, ಗ್ರೀಸ್, ಇಟಲಿ, ಸ್ಪೇನ್‌ನಲ್ಲಿ ಪ್ರಯೋಗಕ್ಕೆ ಹೊರಟಿದ್ದು ಆ ದಿಕ್ಕಿಗೇ. ಗಣಿತಕ್ಕೆ ತೊಂದ್ರೆ ಇಲ್ಲ, ಚಾ ಕುಡಿಯೋರದ್ದೇ ತೊಂದ್ರೆ.

ಕ್ಯಾಲಿಫೋರ್ನಿಯಾದವರದ್ದು ಇನ್ನೊಂದು ಥರ, 2027ರ ಜನವರಿಯಿಂದ. ಫೋನ್ ಸೆಟಪ್ ಮಾಡೋವಾಗ ಅಪ್ಪನೋ ಅಮ್ಮನೋ ಮಗುವಿನ ವಯಸ್ಸು ತುಂಬೋದು, ಐಡಿ ಇಲ್ಲ, ಫೋನು ಆ್ಯಪಿಗೆ ಯಾವ ವಯಸ್ಸಿನ ಗುಂಪು ಅಂತ ಅಷ್ಟೇ ಹೇಳುತ್ತೆ. ನಂಗೆ ಇದು ಇಷ್ಟ. ಆದ್ರೆ ಪಿಯುಸಿ ತಂಗಿ ಹೇಳಿದ ಹಾಗೆ ಮನೆಗೆಲ್ಲ ಒಂದೇ ಫೋನು ಇದ್ರೆ ಅದು ಯಾರ ವಯಸ್ಸು? ಬೆಳಿಗ್ಗೆ ಅಪ್ಪನ ಅಡಿಕೆ ರೇಟು, ಸಂಜೆ ತಮ್ಮನ ಗೇಮು, ರಾತ್ರಿ ಅಜ್ಜಿಯ ಹರಿಕಥೆ.

ಚೊಗರು ಕೈ

ನಂದೂ ಒಂದಿಷ್ಟು. ನನ್ನ ಹೆಂಡ್ತಿ ಅಡಿಕೆ ಸುಲಿಯೋಕೆ ಹೋಗೋಳು, ಸೀಸನ್ನಲ್ಲಿ ಚೊಗರು ಹತ್ತಿ ಬೆರಳು ಕಪ್ಪಾಗಿ ಗೆರೆ ಎಲ್ಲ ಸವೆದು ಹೋಗಿರುತ್ತೆ. ರೇಷನ್ ಅಂಗಡಿಲಿ ಹೆಬ್ಬೆಟ್ಟು ಇಟ್ರೆ ಮಿಷನ್ನು ಒಪ್ಪಲ್ಲ. ಉಂಗುರದ ಬೆರಳು ಇಡಿ, ಕಿರುಬೆರಳು ಇಡಿ, ಸೀರೆಗೆ ಒರೆಸಿ ಇಡಿ, ನಾಳೆ ಬನ್ನಿ. ಹತ್ತು ಬೆರಳಲ್ಲಿ ಒಂದನ್ನ ಒಪ್ಪೋ ಹೊತ್ತಿಗೆ ಹಿಂದೆ ನಿಂತೋರೆಲ್ಲ ಬೈತಾ ಇರ್ತಾರೆ. ಅವಳು ಇವಳೇ ಅಂತ ಇಡೀ ಊರಿಗೆ ಗೊತ್ತು, ಮಿಷನ್ನಿಗೆ ಗೊತ್ತಿಲ್ಲ. ಅಕ್ಕಿಗೇ ಹಿಂಗೆ, ಇನ್ನು ಯೂಟ್ಯೂಬಿಗೂ ಹಿಂಗೇ ಆದ್ರೆ ಕಷ್ಟ.

ಮತ್ತೆ ಇನ್ನೊಂದು, ನಾನು ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಅಂತ ಒಂದು ಸಣ್ಣ ಸೈಟ್ ನಡೆಸ್ತೀನಿ, ಎಂಟುನೂರು ಚಿಲ್ಲರೆ ಜನ, ರೋಗ ಬಂದ ಸೋಗೆ ಫೋಟೋ ಹಾಕೋದು, ಯಾವ ಔಷಧಿ ಎಷ್ಟು ಹೊಡೆದ್ರಿ ಅಂತ ಕೇಳೋದು. ಅದರಲ್ಲಿ 18 ಆಗದ ಹುಡುಗರೂ ಇದಾರೆ, ಅಪ್ಪಂಗೆ ಟೈಪ್ ಮಾಡೋಕೆ ಬರಲ್ಲ ಅಂತ ಮಗ ಕೇಳ್ತಾನೆ. ನಾನೂ ಎಲ್ರ ಅಪ್ಪ ಅಮ್ಮನ ಒಪ್ಪಿಗೆ ತಗೋಬೇಕಾ ವಕೀಲ್ರೇ?

ಕೋರ್ಟ್ ರೋಡ್ ವಕೀಲ

ಕಾಯ್ದೆಯನ್ನ ಅಕ್ಷರಶಃ ಓದಿದ್ರೆ, ನೀವು ಅವರ ಹೆಸರು ನಂಬರು ತಗೊಂಡು ಇಟ್ಕೊಳ್ತೀರಿ ಅಂದ್ರೆ, ನಿಮಗೂ ಅನ್ವಯಿಸುತ್ತೆ. ಸಣ್ಣವರಿಗೆ ಕೆಲವು ವಿನಾಯಿತಿ ಕೊಡೋ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಸರ್ಕಾರ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಕೊಳ್ಳೋ ದಾರಿಯಂತೂ 17ನೇ ಸೆಕ್ಷನ್ನಲ್ಲಿ ಅಗಲವಾಗೇ ಇದೆ.

ಸಾಗರದವ, ಈಗ ಲೀಡ್ಸ್

ಇಲ್ಲಿ ಆಗಿದ್ದು ಅದೇ. ಬ್ರಿಟನ್‌ನ ಆನ್‌ಲೈನ್ ಸೇಫ್ಟಿ ಕಾಯ್ದೆ 2023ರದ್ದು, ವಯಸ್ಸು ನೋಡೋ ನಿಯಮ ಜಾರಿಯಾಗಿದ್ದು 2025ರ ಜುಲೈ 25ಕ್ಕೆ. ದಂಡ 1.8 ಕೋಟಿ ಪೌಂಡು ಇಲ್ಲಾ ಜಾಗತಿಕ ವಹಿವಾಟಿನ ನೂರಕ್ಕೆ ಹತ್ತು, ಯಾವುದು ಜಾಸ್ತಿನೋ ಅದು. ದೊಡ್ಡ ಕಂಪನಿಗಳು ವಕೀಲರ ಪಡೆ ಇಟ್ಕೊಂಡಿದಾವೆ, ಸಾಯೋದು ಸಣ್ಣೋರು. ಹ್ಯಾಮ್‌ಸ್ಟರ್ ಅಂತ ಇಲಿ ಥರದ್ದು ಸಾಕ್ತಾರೆ ಇಲ್ಲಿ, ಅದನ್ನ ಸಾಕೋರ ಒಂದು ಫೋರಂ, ಈ ಕಾನೂನಿನ ಹೊರೆ ಹೊರೋಕಾಗಲ್ಲ ಅಂತ 2025ರ ಮಾರ್ಚ್‌ನಲ್ಲೇ ಬಾಗಿಲು ಹಾಕ್ತು. ಅಶ್ಲೀಲ ಅಲ್ಲ ಮಾರಾಯ್ರೆ, ಇಲಿ! ಚೊಗರು ಅಣ್ಣನ ಎಲೆಚುಕ್ಕೆ ಸೈಟಿಗೂ ಆ ಇಲಿ ಫೋರಮ್ಮಿಗೂ ಎಂತ ವ್ಯತ್ಯಾಸ ಹೇಳಿ.

ಇನ್ನೊಂದು ಗಮನಿಸಿ. ಜುಲೈ 25 ಆದಮೇಲೆ ಎಕ್ಸ್‌ನಲ್ಲಿ ರೆಡಿಟ್‌ನಲ್ಲಿ ಗಾಜಾ, ಉಕ್ರೇನ್ ಯುದ್ಧದ ಕೆಲವು ಪೋಸ್ಟುಗಳೂ ವಯಸ್ಸು ತೋರಿಸದವರಿಗೆ ಕಾಣ್ತಾ ಇರ್ಲಿಲ್ಲ, ಬಿಬಿಸಿ ಅದನ್ನ ಪರಿಶೀಲನೆ ಮಾಡಿ ವರದಿ ಮಾಡ್ತು. ಯಾವ ಅಧಿಕಾರಿನೂ ಅದನ್ನ ಮುಚ್ಚಿ ಅಂತ ಹೇಳಿರ್ಲಿಲ್ಲ. ದಂಡಕ್ಕೆ ಹೆದರಿದ ಕಂಪನಿ ತಾನೇ ಮುಚ್ಚಿಕೊಳ್ತು. ಸೆನ್ಸಾರ್ ಅಂದ್ರೆ ಕತ್ತರಿ ಹಿಡಿದ ಆಫೀಸರ್ ಅಂದ್ಕೊಂಡಿದ್ದೆ ನಾನು, ಇಲ್ಲಿ ಕತ್ತರಿನೇ ಕಾಣಲ್ಲ. ಹುಡುಗರಂತೂ ಅದೇ ವಾರ ಯಾವ ದೇಶದಿಂದ ನೋಡ್ತಿದಾರೆ ಅಂತ ಮರೆಸೋ ವಿಪಿಎನ್ ಹಾಕ್ಕೊಂಡ್ರು, ಆ್ಯಪ್ ಸ್ಟೋರಿನ ಮೇಲಿನ ಸಾಲೆಲ್ಲ ವಿಪಿಎನ್ನೇ.

ಕುಂದಾದ್ರಿ ಕೋಡರ್

ನಮ್ಮಲ್ಲಿ ಅದಕ್ಕೂ ಬೇಲಿ ಇದೆ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ ಆದೇಶ ಬಂತು, ವಿಪಿಎನ್ ಕಂಪನಿಗಳು ಗಿರಾಕಿಗಳ ಹೆಸರು ವಿಳಾಸ ಐದು ವರ್ಷ ಇಟ್ಕೋಬೇಕು ಅಂತ. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್ ಎಲ್ಲ ಇಲ್ಲಿನ ಸರ್ವರು ಕಿತ್ಕೊಂಡು ಹೋದ್ವು. ಉಳಿದಿದ್ದು ಫ್ರೀ ಆ್ಯಪುಗಳು, ಅವು ನಮ್ಮ ಮಾಹಿತಿನೇ ಮಾರಿ ಹೊಟ್ಟೆ ಹೊರೆಯೋವು ಎಷ್ಟಿವೆಯೋ. ಮಕ್ಕಳು ಹೋಗೋದು ಅಲ್ಲಿಗೇ.

ಆಗುಂಬೆ ಮಳೆ

2015ರ ಆಗಸ್ಟಲ್ಲಿ ಸರ್ಕಾರ 857 ಸೈಟ್ ಬಂದ್ ಮಾಡ್ಸಿದ್ದು ನೆನಪಿದ್ಯಾ? ಅಶ್ಲೀಲ ಅಂತ. ಪಟ್ಟಿಲಿ ಜೋಕಿನ ಸೈಟೂ ಸಿಕ್ಕಿಹಾಕ್ಕೊಂಡಿತ್ತು. ಕೆಲವೇ ದಿನಕ್ಕೆ ಹಿಂದೆ ಸರಿದ್ರು. ಬಲೆ ಹಾಕಿದ್ದು ಹಂದಿಗೆ, ಬಿದ್ದಿದ್ದು ನಾಯಿ.

ಹಿನ್ನೀರು

ನಾನು ಸಾಮಾನ್ಯ ಬರೆಯೋಲ್ಲ, ಓದ್ತೀನಿ ಅಷ್ಟೇ. ನಮ್ಮಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಈಗ ಶರಾವತಿ ಪಂಪ್ಡ್ ಸ್ಟೋರೇಜ್, ನೀರು ಮೇಲಕ್ಕೆತ್ತಿ ಮತ್ತೆ ಬಿಟ್ಟು ಕರೆಂಟ್ ಮಾಡೋ 2,000 ಮೆಗಾವಾಟ್ ಯೋಜನೆ, ಅದರ ವಿರುದ್ಧ ನಾವು ಕೆಲವರು ಒಂದು ಪೇಜ್ ನಡೆಸ್ತೀವಿ. ನಾನು ಗುತ್ತಿಗೆ ಮೇಲೆ ಕೆಲಸ ಮಾಡೋವ್ನು, ಎಲ್ಲಿ ಅಂತ ಹೇಳೋಲ್ಲ, ಹೇಳಿದ್ರೆ ಮುಂದಿನ ವರ್ಷ ಗುತ್ತಿಗೆ ಇರೋಲ್ಲ. ಕಾಡೆಷ್ಟು ಹೋಗುತ್ತೆ, ಸಿಂಗಳೀಕಗಳ ಗತಿ ಏನು ಅಂತ ಕಾಗದ ತೆಗೆದು ಬರೆಯೋದು ನಾನು. ಸುಳ್ಳು ಬರೆಯೋಲ್ಲ. ಆದ್ರೆ ನನ್ನ ಹೆಸರು ಹಾಕಿ ಬರೆಯೋ ಧೈರ್ಯ ಇಲ್ಲ.

ಮಕ್ಕಳಿಗೋಸ್ಕರ ಅಂತ ಪ್ರತಿ ಅಕೌಂಟಿಗೂ ಐಡಿ ಗಂಟು ಹಾಕಿದ್ರೆ, ಆ ಗಂಟು ಮಕ್ಕಳ ಕೆಲಸ ಮುಗಿದ ಮೇಲೆ ಬಿಚ್ಕೊಳ್ಳುತ್ತಾ? ಸಹಯೋಗ ಪೋರ್ಟಲ್ ಅಂತ ಇದೆ, ಅದರಲ್ಲಿ ಸರ್ಕಾರಿ ಏಜೆನ್ಸಿಗಳು ಪೋಸ್ಟ್ ತೆಗೀರಿ ಅಂತ ಕಂಪನಿಗೆ ನೋಟಿಸ್ ಕಳಿಸಬಹುದು, ಎಕ್ಸ್‌ನವರು ಅದರ ವಿರುದ್ಧ ಹೋಗಿ 2025ರ ಸೆಪ್ಟೆಂಬರ್ 24ಕ್ಕೆ ನಮ್ಮ ಹೈಕೋರ್ಟಲ್ಲಿ ಸೋತ್ರು. ಇವತ್ತು ಪೋಸ್ಟ್ ತೆಗೆಸ್ತಾರೆ, ಬರೆದವನು ಯಾರು ಅಂತ ಹುಡುಕೋಕೆ ಸ್ವಲ್ಪ ಮೈ ಬಗ್ಗಿಸ್ಬೇಕು. ನಾಳೆ ಅದೂ ಬೇಕಾಗಲ್ಲ. ನಾನು ಬರೆಯೋದು ನಿಲ್ಲಿಸ್ತೀನಿ, ಯಾರೂ ನಿಲ್ಸು ಅಂತ ಹೇಳಬೇಕಾಗೂ ಇಲ್ಲ.

ಗಾಜನೂರು ಗೌಡ

ಹಿನ್ನೀರು ಅವ್ರೇ ನಿಮ್ಮ ಪೇಜು ನಾನು ಓದ್ತೀನಿ. ನಾನು ಯೋಜನೆ ಪರ, ಆದ್ರೂ ಓದ್ತೀನಿ. ನಿಲ್ಲಿಸ್ಬೇಡಿ.

ಟೀಚರಮ್ಮ

ಎಲ್ಲ ಓದಿದೆ. ನಾನು ಪೂರ್ತಿ ಒಪ್ಪಿದೆ ಅಂತ ಅಲ್ಲ. ಹದಿಮೂರು ಹದಿನಾಲ್ಕರ ಮಕ್ಕಳ ಕೈಗೆ ಕೊನೆಯಿಲ್ಲದ ರೀಲ್ಸ್ ಕೊಟ್ಟು ದುಡ್ಡು ಮಾಡೋ ಕಂಪನಿಗಳನ್ನ ಯಾರೂ ಕೇಳಲ್ಲ, ಮಕ್ಕಳನ್ನೋ ಅಪ್ಪ ಅಮ್ಮನನ್ನೋ ಕೇಳ್ತೀವಿ, ನನ್ನ ಸಿಟ್ಟು ಅಲ್ಲಿದೆ. ವಕೀಲರು ಹೇಳಿದ್ರಲ್ಲ ಮಕ್ಕಳ ಬೆನ್ನು ಹತ್ತಿ ಜಾಹೀರಾತು ಹಾಕೋ ಹಾಗಿಲ್ಲ ಅಂತ, ಅದನ್ನ ಬಿಗಿಯಾಗಿ ಮಾಡಲಿ ಮೊದಲು. 18ರವರೆಗೂ ಒಂದೇ ಅಳತೆ ಅನ್ನೋದು ನಂಗೂ ಈಗ ಸರಿ ಅನ್ಸಲ್ಲ, ಎಂಟರ ಮಗುವೂ ಹದಿನೇಳರ ಹುಡುಗಿನೂ ಒಂದೇ ಅಂದ್ರೆ ಹೆಂಗೆ. ಆದ್ರೆ ಏನೂ ಬೇಡ, ಎಲ್ಲ ಹಂಗೇ ಇರ್ಲಿ ಅಂದ್ರೆ ಮಾತ್ರ ನಾನು ಒಪ್ಪಲ್ಲ. ಮತ್ತೆ ಮನೆ ಬಾಗಿಲಿಗೆ ಹೋಗೋಳು ನಾನು.

ಆಗುಂಬೆ ಮಳೆ

ಮಾಮ, ಕೊನೆಗೆ ಆ ಬುಕ್ಕುಗಳೆಲ್ಲ ಎಂತ ಆದ್ವು? ಹೇಳ್ಲೇ ಇಲ್ಲ.

ಸೈಬರ್ ಮಾಮ, ತೀರ್ಥಹಳ್ಳಿ

ಸೈಬರ್ ಮುಚ್ಚಿ ಜೆರಾಕ್ಸ್ ಅಂಗಡಿ ಮಾಡ್ದಾಗ ಎಲ್ಲ ಮನೆಗೆ ತಂದು ಬಚ್ಚಲೊಲೆಗೆ ಹಾಕಿದೆ ಅಂತ ನಂಗೆ ಗ್ಯಾರಂಟಿ ಇತ್ತು. ಒಂದೊಂದೇ ಪೇಜು ಹರಿದು ಅಡಿಕೆ ಸಿಪ್ಪೆ ಜೊತೆ ಉರಿಸಿದ್ದು ನೆನಪಿದೆ, ಹಂಡೆ ನೀರು ಎರಡು ದಿನ ಚೆನ್ನಾಗಿ ಕಾದಿತ್ತು.

ನೀವು ಕೇಳಿದ್ರಿ ಅಂತ ಮನೇಲಿ ಅಮ್ಮನ್ನ ವಿಚಾರಿಸಿದೆ. "ಒಂದು ಇದೆಯಲ್ಲ" ಅಂದ್ರು. ಹಿಂದಿನ ಪೇಜೆಲ್ಲ ಖಾಲಿ ಇತ್ತು ಅಂತ ತೆಗೆದಿಟ್ಕೊಂಡು ಇಷ್ಟು ವರ್ಷ ಅಡಿಕೆ ಸುಲಿಯೋರ ಲೆಕ್ಕ ಅದರಲ್ಲೇ ಬರೀತಾ ಇದಾರೆ. ಜಗಲಿ ಮೇಲೆ ತೂಕದ ತಕ್ಕಡಿ ಪಕ್ಕ ಇತ್ತು. ಈ ಸೀಸನ್ನಲ್ಲಿ ದಿನಾ ಹದಿನೈದು ಜನ ಅದನ್ನ ಮುಟ್ತಾರೆ. ತೆಗೆದು ನೋಡಿದೆ, ಮೊದಲ 43 ಪೇಜು ಪೂರ್ತಿ, ಹೆಸರು, ಊರು, ನಂಬರು. ಆ ಹುಡುಗಿ ಹೆಸರೂ ಇದೆ. ಪೇಜಿನ ಮೂಲೆಲಿ ಚೊಗರಿನ ಹೆಬ್ಬೆಟ್ಟು ಗುರುತು.

ಆ 43 ಪೇಜು ಈಗಷ್ಟೇ ಹರಿದೆ. ಉಳಿದಿದ್ದು ಅಮ್ಮ ಕೊಡ್ಲಿಲ್ಲ, ಲೆಕ್ಕ ಇನ್ನೂ ಬಟವಾಡೆ ಆಗಿಲ್ಲ.